ಒಂದನೇ ನಂಬರಿನ ಕಾಲು

ಕೀವು ಕಂಡರೆ ನನಗೆ ಹೇಸಿಗೆಯಿಲ್ಲ. ಇಪ್ಪತ್ತೊಂದು ವರ್ಷದಿಂದ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ ನರ್ಸ್ ನಾನು. ಕೊಳೆತ ಹೆಬ್ಬೆರಳಿನ ವಾಸನೆ ಬಡಿದರೆ ಎಂಥ ಸೋಂಕಿರಬಹುದು ಎಂದು ಯೋಚಿಸುತ್ತೇನೆಯೇ ಹೊರತು ಮೂಗು ಮುಚ್ಚುವುದಿಲ್ಲ. ನನಗೆ ಹೇಸಿಗೆ ಹುಟ್ಟಿಸುವುದು ನಮ್ಮ ಭಾವ, ನನ್ನ ಗಂಡನ ಅಣ್ಣ. ಬೆನ್ನ ಹಿಂದೆ ಎಲ್ಲರೂ ಅವರನ್ನು ಅಚ್ಚುಕಟ್ಟಣ್ಣ ಎನ್ನುತ್ತಾರೆ. ಜೇಬಿನಲ್ಲಿ ಸದಾ ಸ್ಯಾನಿಟೈಸರಿನ ಪುಟ್ಟ ಬಾಟಲಿ. ಬಾಗಿಲ ಹಿಡಿ ಮುಟ್ಟಿದರೆ ಎರಡು ಹನಿ, ನಮ್ಮ ಮನೆಯ ಲೋಟ ಮುಟ್ಟಿದರೆ ನಾಲ್ಕು.

ಅಂಥವರನ್ನು ಕರೆಸಿದ್ದು ನಾನೇ ಎಂದು ನೆನೆದರೆ ಇನ್ನೂ ಮೈ ಉರಿಯುತ್ತದೆ. ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಂದು ತಿಂಗಳಿಂದ ಟಕ್ ಟಕ್ ಎನ್ನುತ್ತಿತ್ತು. ಅದರೊಳಗೆ ಮೂವತ್ತೆಂಟು ಕಾಲುಗಳಿದ್ದವು. ನಾನು ಪಟ್ಟಿ ಕಟ್ಟಿದ ಗಾಯಗಳ ಫೋಟೋ. ರೋಗಿಯ ಒಪ್ಪಿಗೆ ಕೇಳಿ, ಪ್ರತಿ ಸೋಮವಾರ, ಪಕ್ಕದಲ್ಲಿ ಕಾಗದದ ಅಳತೆಪಟ್ಟಿ ಇಟ್ಟು ತೆಗೆದವು. ಮುಖ ಬರುವುದಿಲ್ಲ, ಹೆಸರು ಬರೆಯುವುದಿಲ್ಲ. ಫೋಲ್ಡರಿಗೆ ಒಂದು, ಎರಡು, ಮೂರು ಎಂದು ನಂಬರ್ ಅಷ್ಟೇ. ಫೋನು ತುಂಬಿಹೋಗುತ್ತದೆಂದು ವಾರವಾರವೂ ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸಿಬಿಡುತ್ತಿದ್ದೆ.

ಆ ವಾರವೇ ಅವು ಬೇಕಾಗಿದ್ದವು. ಮೂವತ್ತೆಂಟನೆಯ ಕಾಲು ಒಬ್ಬ ಟೈಲರನದು. ಬಲಗಾಲು, ಹೊಲಿಗೆ ಯಂತ್ರ ತುಳಿಯುವ ಕಾಲು. ಸಕ್ಕರೆ ಕಾಯಿಲೆಯ ಹುಣ್ಣು ಅಂಗಾಲಿನಲ್ಲಿ ಮೂಳೆ ಕಾಣುವಷ್ಟು ಆಳಕ್ಕೆ ಇಳಿದಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಬೇಕೆಂದು ಸರ್ಜನ್ ಬರೆದಾಗಿತ್ತು. ಆರು ವಾರ ಕೊಡಿ, ನೋಡೋಣ ಎಂದು ನಾನು ಗೋಗರೆದಿದ್ದೆ.

"ಇಂಥದ್ದೇ ಹುಣ್ಣು ನಿಮ್ಮ ಕೈಯಲ್ಲಿ ವಾಸಿಯಾಗಿದ್ರೆ ತೋರಿಸಿ ಸಿಸ್ಟರ್. ಬಾಯಿಮಾತು ಬೇಡ. ಮಂಗಳವಾರ ಬನ್ನಿ," ಎಂದಿದ್ದರು ಅವರು.

ಇಂಥದ್ದೇ ಹುಣ್ಣು ನನ್ನ ಹತ್ತಿರ ಒಂದೇ ಒಂದಿತ್ತು. ಒಂದನೇ ನಂಬರಿನ ಕಾಲು. ಅರವತ್ತೆರಡು ವಾರ, ಅರವತ್ತೆರಡು ಫೋಟೋ. ಮೊದಲನೆಯದರಲ್ಲಿ ಮೂಳೆ, ಕೊನೆಯದರಲ್ಲಿ ಚರ್ಮ.

ಭಾನುವಾರ ಬೆಳಿಗ್ಗೆ ಭಾವ ಎರಡು ಹೊಸ ಡಿಸ್ಕ್ ಹಿಡಿದು ಬಂದರು. ಒಂದು ಕಂಪ್ಯೂಟರಿನ ಒಳಗೆ ಕೂರಿಸಲು, ಇನ್ನೊಂದು ಹೊರಗಿನಿಂದ ಕೇಬಲ್ ಚುಚ್ಚಿ ಬ್ಯಾಕಪ್ ಇಡಲು. ಬಂದವರೇ ಕೀಬೋರ್ಡನ್ನು ಬೋರಲು ಹಾಕಿ ಕುಟ್ಟಿದರು. ಬ್ರೆಡ್ಡಿನ ಪುಡಿ ಉದುರಿತು.

"ಇದ್ರಲ್ಲಿ ಒಂದು ಸಂಸಾರ ಹೊಟ್ಟೆ ತುಂಬಾ ತಿನ್ಬಹುದು," ಎಂದರು.

ನಾನು ನಕ್ಕೆ. ಕೆಲಸ ಆಗಬೇಕಿತ್ತಲ್ಲ.

"ಎಲ್ಲಾ ಬರುತ್ತಲ್ವಾ ಭಾವ? ನನ್ನ ಕೆಲಸದ ಫೋಟೋಗಳಿವೆ. ಅವೇ ಮುಖ್ಯ."

"ನೀನು ಹೋಗಮ್ಮ, ಇದೆಲ್ಲ ನನಗೆ ಬಿಡು. ಇನ್ಮೇಲೆ ಒಂದು ಡಿಸ್ಕ್ ಸತ್ರೂ ಇನ್ನೊಂದರಲ್ಲಿ ಎಲ್ಲಾ ಇರುತ್ತೆ. ಒಂದು ಫೋಟೋ ಆಚೀಚೆ ಆಗಲ್ಲ."

ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ನಾನು ಐದು ಮನೆ ಸುತ್ತಿ, ಐದು ಗಾಯ ತೊಳೆದು, ಸಂಜೆಗೆ ಬಂದೆ. ಎಲ್ಲ ಮುಗಿದಿತ್ತು. ಕಂಪ್ಯೂಟರ್ ಸದ್ದಿಲ್ಲದೆ ಓಡುತ್ತಿತ್ತು. ಪರದೆಯ ಮೇಲೆ ಫೋಲ್ಡರುಗಳು ಒಗೆದು ಮಡಿಸಿಟ್ಟ ಬಟ್ಟೆಯಂತೆ ಸಾಲಾಗಿದ್ದವು: ಮಕ್ಕಳು, ಪ್ರವಾಸ, ಕಾಗದಪತ್ರ. ಭಾವ ಕಾರು ಕೊಂಡ ದಿನ ನಮಗೆ ಕಳಿಸಿದ್ದ ನಲವತ್ತು ಫೋಟೋಗಳಿಗೂ ಒಂದು ಫೋಲ್ಡರ್. ಕೆಳಗಿನವರೆಗೂ ಹುಡುಕಿದೆ. ಮತ್ತೆ ಮೇಲಿನಿಂದ ಹುಡುಕಿದೆ.

"ಭಾವ, ನಂಬರಿನ ಫೋಲ್ಡರ್‌ಗಳು ಎಲ್ಲಿ?"

"ಅವಾ? ಅವಕ್ಕೆ ಟಿಕ್ ತೆಗೆದೆ." ಏನೇನು ನಕಲಾಗಬೇಕೆಂದು ಆರಿಸುವ ಪಟ್ಟಿಯನ್ನು ತೆರೆದು ತೋರಿಸಿದರು. "ಮೊದಲನೇದನ್ನ ತೆರೆದು ನೋಡಿದೆ. ಬೆಳಿಗ್ಗೆ ತಿಂದಿದ್ದು ಗಂಟಲಿಗೆ ಬಂತು, ಥೂ. ಮಕ್ಕಳು ಕೂರೋ ಕಂಪ್ಯೂಟರಲ್ಲಿ ಇಂಥ ಹೊಲಸು ಇಡ್ತಾರೇನಮ್ಮ? ಯಾವನದೋ ಕೊಳೆತ ಕಾಲು. ಮನೆಯವರ ಫೋಟೋ ಜೊತೆ ಅದನ್ನ ಸೇರಿಸೋಕೆ ನನಗೆ ಮನಸ್ಸು ಬರಲಿಲ್ಲ."

"ಹಳೇ ಡಿಸ್ಕು?"

"ಪೂರ್ತಿ ಒರೆಸಿಬಿಟ್ಟೆ. ಬರೀ ಅಳಿಸೋದಲ್ಲ, ಉದ್ದಕ್ಕೂ ಸೊನ್ನೆ ಬರೆದು ಒರೆಸೋದು. ಯಾರು ತಲೆಕೆಳಗಾಗಿ ನಿಂತರೂ ಏನೂ ಸಿಗಲ್ಲ," ಎಂದು ಹೆಮ್ಮೆಯಿಂದ ಹೇಳಿ, ಬಾಟಲಿ ತೆಗೆದು ನಾಲ್ಕು ಹನಿ ಸುರಿದುಕೊಂಡರು.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಂದಕ್ಕೊಂದು ಉಜ್ಜುತ್ತಿದ್ದ ಆ ಬಿಳಿ ಕೈಗಳನ್ನು ನೋಡುತ್ತ ನಿಂತೆ. ಹುಳು ಬಿದ್ದ ಗಾಯ ಕಂಡಿದ್ದೇನೆ. ಆ ಹುಳು ಕೊಳೆತ ಮಾಂಸ ತಿನ್ನುತ್ತಿತ್ತು, ಹಸಿ ಮಾಂಸ ಬಿಟ್ಟಿತ್ತು. ಈ ಮನುಷ್ಯನಿಗೆ ಅಷ್ಟೂ ವಿವೇಕವಿಲ್ಲ. ಟೈಲರನ ಕಾಲು ಮಂಗಳವಾರ ಹೋಗುತ್ತದೆ, ಈ ಮನುಷ್ಯ ಅಂದೂ ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಾರೆ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಬಂದರು. ಎಂದಿನಂತೆ ಕಾಲಿಗೆ ದಪ್ಪ ಕಾಲುಚೀಲ. ಬೇಸಗೆಯಲ್ಲೂ ಅದನ್ನು ತೆಗೆದವರಲ್ಲ. ಆ ಕಾಲನ್ನು ಮನೆಯವರಲ್ಲಿ ನಾನು, ನನ್ನ ಗಂಡ ಬಿಟ್ಟರೆ ಮೂರನೆಯವರು ಕಂಡಿರಲಿಲ್ಲ. ಯಾರಿಗೂ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

"ಯಾವನದೋ ಅಲ್ಲ ಕಣೋ. ಅದು ನನ್ನ ಕಾಲು," ಎಂದರು.

ಭಾವನ ಕೈ ಉಜ್ಜುವುದು ನಿಂತಿತು. ಎಂಟು ವರ್ಷದ ಹಿಂದೆ ತಾಯಿಯ ಕಾಲಿಗೆ ಏನೋ ಆಗಿದೆ ಎಂಬುದು ಅವರಿಗೆ ಗೊತ್ತಿತ್ತು. ಮಕ್ಕಳಿಗೆ ಸೋಂಕು ತಗುಲೀತು ಎಂದು ಹದಿನಾಲ್ಕು ತಿಂಗಳು ಈ ಕಡೆ ತಲೆ ಹಾಕಿರಲಿಲ್ಲ. ಆರು ಬಾಟಲಿ ಸ್ಯಾನಿಟೈಸರ್ ಮಾತ್ರ ಕಳಿಸಿಕೊಟ್ಟಿದ್ದರು.

"ನನಗೇನಮ್ಮ ಗೊತ್ತು? ಇವಳು ಹೆಸರೇ ಬರೆದಿಲ್ಲ," ಎಂದು ನನ್ನ ಕಡೆ ಬೆರಳು ಮಾಡಿದರು. "ನಿನ್ನದು ಅಂತ ಗೊತ್ತಿದ್ರೆ ಟಿಕ್ ತೆಗೀತಿದ್ನಾ?"

"ಹೆಸರಿದ್ರೆ ತಾಯಿ ಕಾಲು, ಇಲ್ದಿದ್ರೆ ಹೊಲಸು. ಸರಿ ಬಿಡು." ಅತ್ತೆ ಗೋಡೆ ಹಿಡಿದು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಟೈಲರನ ವಿಷಯ ಅವರಿಗೆ ಗೊತ್ತಿತ್ತು. ನಾನು ಊಟದ ಹೊತ್ತಿಗೆ ದಿನವೂ ಅದನ್ನೇ ಕೊರೆಯುತ್ತಿದ್ದೆ. ನನ್ನ ಮುಖ ನೋಡಿ ಹೇಳಿದರು, "ಫೋಟೋ ಹೋಯ್ತು. ಕಾಲು ಇದೆಯಲ್ಲ." ಆಮೇಲೆ ಮಗನಿಗೆ, "ಮಂಗಳವಾರ ಕಾರ್ ತಗೊಂಡು ಬಾ."

ಮಂಗಳವಾರ ಸರ್ಜನ್ನರ ಕೋಣೆಯಲ್ಲಿ ಅತ್ತೆ ಮೊದಲು ತಮ್ಮ ಕೈಚೀಲದಿಂದ ಒಂದು ಹಳೆಯ ಚೀಟಿ ತೆಗೆದರು. ಮಡಿಕೆಗಳಲ್ಲಿ ಹರಿದುಹೋಗಿತ್ತು. ಇದೇ ಆಸ್ಪತ್ರೆಯದು, ಎಂಟು ವರ್ಷ ಹಳೆಯದು. ಹುಣ್ಣಿನ ಆಳ ಇಷ್ಟು, ಮೂಳೆ ಕಾಣುತ್ತಿದೆ, ಮೊಣಕಾಲಿನ ಕೆಳಗೆ ಕತ್ತರಿಸಬೇಕು ಎಂದು ಬರೆದಿತ್ತು. ಅದನ್ನು ಅವರು ಇಟ್ಟುಕೊಂಡಿದ್ದಾರೆಂದು ನನಗೂ ಗೊತ್ತಿರಲಿಲ್ಲ.

"ನನಗೆ ಬಗ್ಗೋಕಾಗಲ್ಲ," ಎಂದರು ಮಗನಿಗೆ. "ಕಾಲುಚೀಲ ತೆಗಿ."

ಭಾವ ನನ್ನ ಕಡೆ ನೋಡಿದರು. ನಾನು ಕಿಟಕಿ ನೋಡಿದೆ. ಕೊನೆಗೆ ಮಂಡಿಯೂರಿ, ಎರಡು ಬೆರಳಿನ ತುದಿಯಿಂದ, ಸತ್ತ ಇಲಿಯ ಬಾಲ ಹಿಡಿದ ಹಾಗೆ ಎಳೆದರು.

ಎರಡು ಬೆರಳಿಲ್ಲದ ಪಾದ. ಅಂಗಾಲಿನ ಉದ್ದಕ್ಕೂ ಗಂಟುಗಂಟಾದ ಬಿಳಿ ಕಲೆ. ಸರ್ಜನ್ ಅದನ್ನು ಎರಡು ಕೈಯಲ್ಲೂ ಹಿಡಿದು ಒತ್ತಿದರು, ಬೆಳಕಿಗೆ ತಿರುಗಿಸಿದರು, ಚೀಟಿಯನ್ನು ಮತ್ತೊಮ್ಮೆ ಓದಿದರು.

"ಇದರ ಮೇಲೆ ನಡೀತೀರಾ?"

"ನಿಮ್ಮ ಮೆಟ್ಟಿಲು ಹತ್ತಿ ಬಂದಿದ್ದು ಇದರ ಮೇಲೇ ಡಾಕ್ಟ್ರೇ. ಲಿಫ್ಟ್ ಕೆಟ್ಟಿದೆ."

ಸರ್ಜನ್ ಟೈಲರನ ಫೈಲು ತೆರೆದು ಆಪರೇಷನ್ನಿನ ತಾರೀಖು ಹೊಡೆದುಹಾಕಿ ಹೊಸದು ಬರೆದರು. ಆರು ವಾರ. ವಾರವಾರ ಬಂದು ತೋರಿಸಬೇಕು ಎಂದರು. ನಾನು ಹೊಸ ತಾರೀಖನ್ನು ಅಂಗೈ ಮೇಲೆ ಬರೆದುಕೊಂಡೆ.

ಹಿಂತಿರುಗಿ ನೋಡಿದರೆ ಭಾವ ಮೂಲೆಯಲ್ಲಿ ನಿಂತು ಬಾಟಲಿಯನ್ನು ಅಂಗೈಗೆ ಬಗ್ಗಿಸಿದ್ದರು. ಈ ಸಲ ಹನಿ ಎಣಿಸಲಿಲ್ಲ. ಮಣಿಕಟ್ಟಿನವರೆಗೂ ಉಜ್ಜಿಕೊಂಡರು. ಅತ್ತೆ ನೋಡಿದರು. ನಾನು ಕಾಲುಚೀಲ ತೊಡಿಸಲು ಹೋದೆ. ಬೇಡವೆಂದು ಅದನ್ನು ಕೈಚೀಲಕ್ಕೆ ತುರುಕಿ, ಬರಿಗಾಲಿಗೆ ಚಪ್ಪಲಿ ಮೆಟ್ಟಿ ಹೊರಟರು. ಅಷ್ಟು ದಿನ ಮುಚ್ಚಿಟ್ಟ ಕಾಲು ಆಸ್ಪತ್ರೆಯ ಉದ್ದಕ್ಕೂ ಎಲ್ಲರ ಎದುರು ನಡೆಯಿತು.

ಮನೆಗೆ ಬಂದು ಆ ಕಾಲಿನ ಪಕ್ಕ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಒಳಗಿನ ಡಿಸ್ಕಿಗೆ ಹಾಕಿದೆ, ಹೊರಗಿನ ಡಿಸ್ಕಿಗೆ ನನ್ನ ಕೈಯಾರೆ ಟಿಕ್ ಹಾಕಿದೆ, ಫೋನಿನಲ್ಲೂ ಉಳಿಸಿದೆ. ಫೋಲ್ಡರಿಗೆ ಎಂದಿನಂತೆ 'ಒಂದು' ಎಂದು ಬರೆಯುತ್ತಿದ್ದಾಗ ಅತ್ತೆ ನನ್ನ ಭುಜ ಮುಟ್ಟಿದರು.

"ನಂಬರ್ ಬೇಡ. ನನ್ನ ಹೆಸರು ಬರಿ."

ಬರೆದೆ.

"ಅದರ ಮುಂದೆ ಅವನ ಹೆಸರು ಹಾಕಿ, 'ತಾಯಿ' ಅಂತ ಬರಿ. ಮುಂದಿನ ಸಲ ಟಿಕ್ ತೆಗೆಯೋ ಮುಂಚೆ ಓದಿಕೊಳ್ಳಲಿ."