ಕೋಟು ಮೇಷ್ಟ್ರ ‘ಟಕ್’

ನಲವತ್ತು ಮಕ್ಕಳು ಒಟ್ಟಿಗೆ ಹಾಡುತ್ತಿರುವಾಗ ಅವರಿಗೆ ಬೆನ್ನು ಮಾಡಿ, ಕಿಟಕಿಯಾಚೆಯ ಮೈದಾನವನ್ನು ನೋಡುತ್ತ ನಿಂತು, ಸ್ವರ ತಪ್ಪಿದ ಒಂದೇ ಒಂದು ಮಗುವಿನತ್ತ, ತಿರುಗದೆಯೇ, ಭುಜದ ಮೇಲಿಂದ ಬೆರಳು ತೋರಿಸಬಲ್ಲವರನ್ನು ನನ್ನ ಆಯುಷ್ಯದಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. “ಮೂರನೇ ಸಾಲು, ಗೋಡೆ ಕಡೆ. ಹೂಂ, ನೀನೇ ಕಣೋ, ಪಕ್ಕದವನನ್ನ ಯಾಕೆ ನೋಡ್ತೀಯಾ?” ಎನ್ನುತ್ತಿದ್ದರು. ಆ ಮಗು ನೆಲ ನೋಡುತ್ತಿತ್ತು; ಉಳಿದವು, ಸದ್ಯ ತಾವು ಪಾರಾದೆವೆಂದು, ಇನ್ನಷ್ಟು ಗಟ್ಟಿಯಾಗಿ ಹಾಡುತ್ತಿದ್ದವು. ಪಕ್ಕದ ಕೋಣೆಯಲ್ಲಿ ಚರಿತ್ರೆ ಕಲಿಸುತ್ತಿದ್ದ ನನಗೆ, ಅರಸರ ಹೆಸರುಗಳೆಲ್ಲ ಅವರ ತಾಳಕ್ಕೇ ಬಾಯಿಗೆ ಬರುತ್ತಿದ್ದವು.

ಇಡೀ ಶಾಲೆಗೆ ಅವರು ಕೋಟು ಮೇಷ್ಟ್ರು. ಕಂದು ಬಣ್ಣದ ಆ ಕೋಟಿನ ಮೊಣಕೈಗಳು ಸವೆದು ಹೊಳಪು ಬಂದಿದ್ದವು. ಗುಂಡಿಗಳು ಮಾತ್ರ ಕುತ್ತಿಗೆಯವರೆಗೂ ಭದ್ರವಾಗಿದ್ದು, ಎಂಥ ಸೆಕೆಯಲ್ಲೂ ಅವರು ಅವುಗಳಲ್ಲಿ ಒಂದನ್ನೂ ಬಿಚ್ಚಿದವರಲ್ಲ. ನಡೆಯುವಾಗ ಮುಂಗಾಲನ್ನು ಮೊದಲು ಊರುತ್ತ, ಯಾವುದೋ ಅದೃಶ್ಯ ಮೃದಂಗದ ಲಯಕ್ಕೆ ಹೆಜ್ಜೆ ಹೊಂದಿಸಿಕೊಂಡು, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಬರುತ್ತಿದ್ದರು. ಮಾತು ಶುರುವಾಗುತ್ತಿದ್ದುದೇ “ಅದು ಹಾಗಲ್ಲ” ಎಂಬಲ್ಲಿಂದ. ಎದುರಿನವರನ್ನು ಒಪ್ಪುವುದಿದ್ದರೂ ಅಷ್ಟೇ: “ಅದು ಹಾಗಲ್ಲ, ನೀವು ಹೇಳಿದ್ದೇ ಸರಿ!” ನಾವೆಲ್ಲ ಸಿಬ್ಬಂದಿ ಕೋಣೆಯಲ್ಲಿ ಇದನ್ನು ಆಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ.

ಆದರೆ ಹಾಡಲು ಬಾಯಿ ತೆರೆದರೆಂದರೆ ನಗುವವರ ಬಾಯಿ ಬಂದ್. ಮಕ್ಕಳಿಗಾಗಿ ಅವರು ಕಟ್ಟಿದ ಸ್ವರಸಂಯೋಜನೆಗಳು ಅಷ್ಟು ಸರಳವಾಗಿ, ಅಷ್ಟು ನಿರ್ಮಲವಾಗಿ ಇರುತ್ತಿದ್ದವು. ಅವುಗಳಲ್ಲಿ ಕೆಲವಕ್ಕೆ ಸಾಹಿತ್ಯ ಬರೆದವನು ನಾನು. ನನ್ನ ಪೇಲವ ಸಾಲುಗಳು ಅವರ ಕಂಠದಲ್ಲಿ ಕೇಳಿಬಂದಾಗ ಇವು ನನ್ನವೇ ಎಂದು ನನಗೇ ಅನುಮಾನವಾಗುತ್ತಿತ್ತು.

ನಿವೃತ್ತಿಯ ಸಮಯಕ್ಕೆ ಸರಿಯಾಗಿ ಅವರ ಹಲ್ಲುಗಳು ಕೈಕೊಟ್ಟವು. ಒಂದು ತಿಂಗಳು ರಜೆ ಹಾಕಿ, ಪರಿಚಯದವರು ಯಾರೂ ಸುಳಿಯದ ಊರ ಇನ್ನೊಂದು ತುದಿಯ ದಂತವೈದ್ಯರಲ್ಲಿಗೆ ಹೋಗಿ, ಮೇಲಿನದು ಕೆಳಗಿನದು ಎರಡೂ ಸಾಲು ಕಟ್ಟಿಸಿಕೊಂಡು ಬಂದರು. ಕೇಳಿದವರಿಗೆ “ಜ್ವರ ಇತ್ತು” ಎಂದರು. ಯಾರನ್ನು ನಂಬಿಸುವುದು? ಜ್ವರದಿಂದ ಎದ್ದವರ ಹಲ್ಲು ಹಾಗೆ ಸಾಲಾಗಿ, ಬೆಳ್ಳಗೆ, ಪಿಂಗಾಣಿ ಬಟ್ಟಲಂತೆ ಮಿಂಚುವುದನ್ನು ನಾವು ಕಂಡಿರಲಿಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುವುದನ್ನು ನೋಡಿಯೂ ನೋಡದವರಂತೆ ಇದ್ದೆವು. ಅವರಿಗೆ ಅದು ಅಂಥ ನಾಚಿಕೆಯ ವಿಷಯವಾಗಿತ್ತು, ಪಾಪ. ಹೆಂಡತಿ ತೀರಿಕೊಂಡ ಮೇಲೆ ಹಲ್ಲಿನ ಗುಟ್ಟು ಬಲ್ಲವರು ಮನೆಯಲ್ಲಿ ಮಗಳೊಬ್ಬಳೇ ಎಂದು ಅವರು ತಿಳಿದಿದ್ದರು.

ಅದೇ ಮನೆಯಲ್ಲಿದ್ದ ಆ ಮಗಳ ಗಂಡ ಧ್ವನಿಮುದ್ರಣದ ಕೆಲಸ ಮಾಡುವವನು. ಮನೆಯ ಮುಂದಿನ ಕೋಣೆಯಲ್ಲೇ ಒಂದು ಲ್ಯಾಪ್‌ಟಾಪು, ಒಂದು ಮೈಕು, ಸದ್ದು ಮಾರ್ದನಿಸದಂತೆ ಗೋಡೆಗೆ ತೂಗುಬಿಟ್ಟ ಎರಡು ದಪ್ಪ ರಜಾಯಿ. ಮಾವನವರಿಗೆ ಇದು ಕಸುಬೆಂದು ಎಂದೂ ಅನ್ನಿಸಿರಲಿಲ್ಲ. “ಅಳಿಯಂದಿರು ವೈರು ಸುತ್ತುತ್ತಾರೆ” ಎಂದು ನನಗೆ ಪರಿಚಯಿಸಿದ್ದರು. ಮಿತಭಾಷಿಯಾದ ಆ ಹುಡುಗ ನಕ್ಕು ಸುಮ್ಮನಾಗಿದ್ದ. ಈ ನಡುವೆ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಒಂದು ಮಾತು ಹೇಳಿದರು: ಹೊಸ ಸಂಗೀತ ಶಿಕ್ಷಕಿಗೆ ದಾರಿಯಾಗುವಂತೆ ಮೇಷ್ಟ್ರ ಹಾಡುಗಳನ್ನೆಲ್ಲ ಅವರ ಕಂಠದಲ್ಲೇ ಮುದ್ರಿಸಿಡಬೇಕು, ಅಳಿಯ ಇದನ್ನು ಚೆನ್ನಾಗಿ ಮಾಡಿಕೊಟ್ಟರೆ ಎಲ್ಲ ತರಗತಿಗಳ ಪಾಠಗಳ ಮುದ್ರಣವನ್ನೂ ಅವನಿಗೇ ಒಪ್ಪಿಸುತ್ತೇವೆ. ಅವನಿಗೆ ವರ್ಷವಿಡೀ ಕೈತುಂಬ ಕೆಲಸ. ಮಗಳು ಆ ಸಂತೋಷಕ್ಕೆ ನನಗೂ ಸಿಹಿ ಕೊಟ್ಟಳು.

ಸಾಹಿತ್ಯ ತಪ್ಪಬಾರದೆಂದು ನನ್ನನ್ನೂ ಕರೆದಿದ್ದರು. ಮೊದಲ ಹಾಡು ಮುಗಿಯಿತು. ಅಳಿಯ ಅದನ್ನು ತಿರುಗಿ ಕೇಳಿಸಿದ. ಕಂಠವೇನೋ ಹಾಗೇ ಇತ್ತು. ಆದರೆ ಪ್ರತಿ ಸಾಲಿನ ತುದಿಯಲ್ಲಿ, ಸ್ವರ ವಿಶ್ರಮಿಸುವ ಜಾಗದಲ್ಲಿ, ಯಾರೋ ಪೆಟ್ಟಿಗೆಯ ಮುಚ್ಚಳ ಹಾಕಿದ ಹಾಗೆ ಒಂದು ಸಣ್ಣ ಸದ್ದು: ಟಕ್.

“ಏನ್ರೀ ಅದು?” ಎಂದರು ಮೇಷ್ಟ್ರು.

“ಗೊತ್ತಾಗ್ತಿಲ್ಲ ಮಾವ. ನೋಡ್ತೀನಿ.”

ಹುಡುಕಾಟ ಶುರುವಾಯಿತು. ಚಾರ್ಜರಿನ ವೈರು ಕಿತ್ತು ಬ್ಯಾಟರಿಯ ಮೇಲೆ ಓಡಿಸಿದರೆ ಹಿನ್ನೆಲೆಯಲ್ಲಿದ್ದ ಗುಂಯ್‌ಗುಡುವಿಕೆ ಹೋಯಿತು, ಟಕ್ ಹೋಗಲಿಲ್ಲ. ಫ್ರಿಜ್ಜು ಆರಿಸಿದರು, ಫ್ಯಾನು ನಿಲ್ಲಿಸಿದರು, ಕಿಟಕಿ ಜಡಿದರು. ಮೈಕಿನ ಮಟ್ಟ ತಗ್ಗಿಸಿದರೆ ಧ್ವನಿ ಕ್ಷೀಣವಾಯಿತು, ಟಕ್ ಸ್ಫುಟವಾಗಿಯೇ ಉಳಿಯಿತು. ಗದ್ದಲವನ್ನು ತಾನೇ ಅಳಿಸುವ ಏರ್ಪಾಡೊಂದು ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ಹಾಕಿದಾಗ ಟಕ್ಕೇನೋ ಮಾಯವಾಯಿತು, ಜತೆಗೆ ಮೇಷ್ಟ್ರ ದೀರ್ಘಸ್ವರಗಳ ಬಾಲವೂ ಕತ್ತರಿಸಿಹೋಗಿ, ಅವರು ಕೊಡದೊಳಗೆ ಕುಳಿತು ಹಾಡಿದಂತೆ ಕೇಳಿಸಿತು. “ಥೂ, ಇದು ನನ್ನ ಗಂಟಲೇ ಅಲ್ಲ. ತೆಗೀರಿ, ತೆಗೀರಿ!” ಎಂದು ಕೈ ಒದರಿದರು.

ಎರಡನೆಯ ದಿನಕ್ಕೆ ನನಗೆ ಹೊಳೆದುಹೋಯಿತು. ಮೇಷ್ಟ್ರು ತುಟಿ ಕೂಡಿಸಿದಾಗಲೆಲ್ಲ ಕಟ್ಟಿಸಿದ ಹಲ್ಲಿನ ಮೇಲಿನ ಸಾಲು ಸಡಿಲಾಗಿ ಕೆಳಗಿನದಕ್ಕೆ ತಾಗುತ್ತಿತ್ತು. ಅವರಿಗೆ? ಬೆನ್ನ ಹಿಂದಿನ ನಲವತ್ತು ಕಂಠಗಳಲ್ಲಿ ಒಂದನ್ನು ಹೆಕ್ಕುವ ಕಿವಿಗೆ ತನ್ನದೇ ಬಾಯಿಯ ಸದ್ದು ಗೊತ್ತಾಗದೆ ಇರುತ್ತದೆಯೇ? ಗೊತ್ತಿತ್ತು, ಖಂಡಿತ ಗೊತ್ತಿತ್ತು. ಪ್ರತಿ ಟಕ್ಕಿಗೂ ಅವರ ಕಣ್ಣು ಮೈಕಿನ ಕಡೆಯಿಂದ ಗೋಡೆಗೆ, ಗೋಡೆಯಿಂದ ನೆಲಕ್ಕೆ ಜಾರುತ್ತಿತ್ತು.

ಅಳಿಯ ಮಾತ್ರ ದಿನಕ್ಕೊಂದು ಕಾರಣ ಕಂಡುಹಿಡಿಯುತ್ತಿದ್ದ. “ಗೋಡೆ ಗಡಿಯಾರ ಇರಬಹುದು ಮಾವ.” “ಅದೇ! ನಾನು ಆಗಲೇ ಅಂದ್ಕೊಂಡೆ!” ಗಡಿಯಾರ ಹೊರಗೆ ಹೋಯಿತು. “ಕುರ್ಚಿ ಕಿರ್ ಅನ್ತಿದೆಯೇನೋ.” ಕುರ್ಚಿ ಬದಲಾಯಿತು. “ಕೋಟಿನ ಗುಂಡಿ ಮೇಜಿಗೆ ತಾಗ್ತಿರಬಹುದಾ?” ನಾನು ನೋಡುತ್ತಿದ್ದಂತೆಯೇ ಮೇಷ್ಟ್ರು ಎದ್ದು ನಿಂತು ಕೋಟನ್ನು ಬಿಚ್ಚಿ ಮಗಳ ಕೈಗೆ ಕೊಟ್ಟರು. ಕೋಟಿಲ್ಲದ ಅವರು ಇಷ್ಟೇ ಇಷ್ಟಾಗಿ ಕಂಡರು. ಬೆವರಿನ ಅಂಗಿಯಲ್ಲಿ ಹಾಡಿದರು. ಟಕ್. ನಾನು ಸಾಹಿತ್ಯದ ಹಾಳೆಯಲ್ಲಿ ಮುಖ ಹುದುಗಿಸಿಕೊಂಡೆ. ಅವರನ್ನು ನೋಡಲು ನನಗೇ ಮುಜುಗರವಾಗುತ್ತಿತ್ತು.

ಆಮೇಲೆ ಅವರು ಸಿಡುಕತೊಡಗಿದರು. ತಾನು ಮುಚ್ಚಿಟ್ಟದ್ದು ಭಾರವಾದಷ್ಟೂ ಸಿಟ್ಟು ಎದುರಿಗಿದ್ದವನ ಮೇಲೆ ಹೋಗುತ್ತದಲ್ಲ, ಹಾಗೆ. “ಅದು ಹಾಗಲ್ಲ ಅಳಿಯಂದಿರೇ, ಕೆಲಸ ಕಲಿತು ಮಾಡ್ಬೇಕು. ನಾಲ್ಕು ವೈರು ಸಿಕ್ಕಿಸಿದ ಮಾತ್ರಕ್ಕೆ ಆಗೋದಿಲ್ಲ” ಎಂದರು, ನನ್ನೆದುರಿಗೇ. ಮಗಳು ಬಾಗಿಲಲ್ಲಿ ನಿಂತಿದ್ದವಳು ತಂದೆಯ ಮುಖವನ್ನೇ ದಿಟ್ಟಿಸಿ, ಏನೋ ಹೇಳಹೊರಟು, ಗಂಡ ಕಣ್ಣಲ್ಲೇ ಬೇಡವೆಂದದ್ದರಿಂದ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳು ದಡಬಡ ಸದ್ದು ಮಾಡಿದವು.

ಮುಖ್ಯೋಪಾಧ್ಯಾಯಿನಿಯವರು ಕೇಳಲೆಂದು ಬಂದದ್ದು ಒಂದು ಮಧ್ಯಾಹ್ನ. “ಇವತ್ತಿನದನ್ನೇ ಕೇಳಿಸಿ” ಎಂದು ಅವರು ಕೇಳಿದ್ದಕ್ಕೆ, ಅಂದು ಬೆಳಗ್ಗೆ ಮುದ್ರಿಸಿದ ಹಾಡನ್ನು ಅಳಿಯ ಹಾಕಿದ. ಎರಡು ಸಾಲು ಕೇಳುವಷ್ಟರಲ್ಲಿ ಅವರ ಹುಬ್ಬು ಗಂಟಿಕ್ಕಿತು.

“ಇದೇನು ಮಧ್ಯೆ ಮಧ್ಯೆ ಸದ್ದು? ಮಕ್ಕಳು ಇದನ್ನೂ ಸೇರಿಸಿ ಕಲಿತುಬಿಡ್ತಾವೆ.”

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, “ಅದು ಹಾಗಲ್ಲ ಮೇಡಂ, ಲ್ಯಾಪ್‌ಟಾಪ್ ಸರಿಯಿಲ್ಲ. ನಮ್ಮ ಅಳಿಯಂದಿರಿಗೆ ಇನ್ನೂ ಕೈ ಕುದುರಿಲ್ಲ” ಎಂದರು.

ಆಕೆ ಅಳಿಯನತ್ತ ತಿರುಗಿದರು. ಆತ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಮೆಲ್ಲಗೆ, “ಹೌದು ಮೇಡಂ. ತೊಂದರೆ ನನ್ನ ಕಡೆಯದೇ” ಎಂದ.

“ಹಾಗಾದ್ರೆ ಬೇಜಾರು ಮಾಡ್ಕೋಬೇಡಿ. ಪಾಠಗಳ ಕೆಲಸ ಬೇರೆಯವರಿಗೆ ಕೊಡ್ತೀವಿ. ಮಕ್ಕಳ ವಿಷಯ, ನೋಡಿ.” ಆಕೆ ಚೀಲವನ್ನು ಹೆಗಲಿಗೇರಿಸಿದರು.

ಮೇಷ್ಟ್ರು ಅಳಿಯನನ್ನು ನೋಡಿದರು. ಆ ಹುಡುಗನ ಮುಖದಲ್ಲಿ ಸಿಟ್ಟಿನ ಒಂದು ಗೆರೆಯಾದರೂ ಇದ್ದಿದ್ದರೆ ಅವರು ಬಚಾವಾಗುತ್ತಿದ್ದರೋ ಏನೋ. ಆತ ಶಾಂತವಾಗಿ ಕೂತು ಮೈಕಿನ ವೈರನ್ನು ಸುತ್ತತೊಡಗಿದ್ದ. ಮೇಷ್ಟ್ರ ಕಿವಿಗಳು ಕೆಂಪಾದವು, ಆ ಕೆಂಪು ಕುತ್ತಿಗೆಗೂ ಇಳಿಯಿತು. ಮುಖ್ಯೋಪಾಧ್ಯಾಯಿನಿಯವರು ಚಪ್ಪಲಿ ಮೆಟ್ಟುತ್ತಿದ್ದಾಗ, “ಒಂದ್ನಿಮಿಷ ಮೇಡಂ!” ಎಂದು ಕೂಗಿದರು. ಕೂಗಿದವರೇ ಬಾಯೊಳಗೆ ಕೈಹಾಕಿ, ಮೇಲಿನದು, ಆಮೇಲೆ ಕೆಳಗಿನದು, ಎರಡನ್ನೂ ತೆಗೆದು ನಮ್ಮೆಲ್ಲರ ಎದುರಿಗೆ, ಲ್ಯಾಪ್‌ಟಾಪಿನ ಪಕ್ಕದಲ್ಲಿ, ಮೇಜಿನ ಮೇಲಿಟ್ಟರು.

ಕೆನ್ನೆಗಳು ಒಳಕ್ಕೆ ಬಿದ್ದು ಅವರ ಮುಖ ಒಮ್ಮೆಲೇ ಹತ್ತು ವರ್ಷ ಹಳತಾಯಿತು. ಮೈಕಿಗೆ ಬಗ್ಗಿ, “ಹಾಕಿ” ಎಂದರು. ಆ ಮಾತೂ ನೆಟ್ಟಗೆ ಹೊರಡಲಿಲ್ಲ. ಅಳಿಯ ಸುತ್ತಿದ್ದ ವೈರನ್ನು ಮತ್ತೆ ಸಿಕ್ಕಿಸಿದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಬೆಳಗಿನ ಹಾಡಿನ ಅದೇ ಎರಡು ಸಾಲುಗಳನ್ನು ಹಾಡಿದರು. ನನ್ನ ಸಾಹಿತ್ಯದ ಒಂದಕ್ಷರವೂ ಅರ್ಥವಾಗಲಿಲ್ಲ. ಅಕ್ಷರಗಳೆಲ್ಲ ಕಲಸಿ ಗಾಳಿಯಾಗಿ ಸೋರಿಹೋದವು. ತಿರುಗಿ ಕೇಳಿಸಿದಾಗ ಸಾಲಿನ ತುದಿಯಲ್ಲಿ ನಿಶ್ಶಬ್ದ, ಅಪ್ಪಟ ನಿಶ್ಶಬ್ದ.

“ಅವನ ಯಂತ್ರ ಸರಿಯಾಗೇ ಇದೆ ಮೇಡಂ” ಎಂದರು, ಒಂದೊಂದೇ ಪದವನ್ನು ಒಸಡಿನಲ್ಲಿ ಹಿಡಿದು ಬಿಡುತ್ತ. “ಸದ್ದು ನಂದು. ಮೊದಲಿನಿಂದ್ಲೂ ಗೊತ್ತಿತ್ತು ನಂಗೆ. ನಾಚ್ಕೆಯಾಯ್ತು, ಹೇಳ್ಲಿಲ್ಲ. ಕೆಲಸ ಅವನಿಗೇ ಕೊಡಿ.”

ಆಕೆ ದೊಡ್ಡ ಮನಸ್ಸಿನವರು. ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಆಯ್ತು ಮೇಷ್ಟ್ರೇ, ಕೊಡೋಣ” ಎಂದಷ್ಟೇ ಹೇಳಿ ಹೊರಟರು.

ಮೇಷ್ಟ್ರು ಹಲ್ಲುಗಳನ್ನು ಮತ್ತೆ ಹಾಕಿಕೊಳ್ಳದೆ ಕುಳಿತೇ ಇದ್ದರು. ನಾನು ಸುಮ್ಮನೆ ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಅಳಿಯ ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿ, ಹಿಂದಿನ ದಿನಗಳ ಹಾಡುಗಳನ್ನು ಒಂದೊಂದಾಗಿ ಹಾಕಿದ. ಯಾವುದರಲ್ಲೂ ಟಕ್ ಇಲ್ಲ. ಧ್ವನಿಯ ಅಲೆಗಳ ನಡುವೆ ಆ ಸದ್ದು ಎಲ್ಲೆಲ್ಲಿ ಸೂಜಿಯಂತೆ ಎದ್ದಿತ್ತೋ ಅಲ್ಲಲ್ಲಿ, ದೀರ್ಘಸ್ವರಕ್ಕೆ ಧಕ್ಕೆಯಾಗದಂತೆ, ಒಂದೊಂದನ್ನೇ ಕೈಯಿಂದ ಕಿತ್ತಿದ್ದ. ಅಂದು ಬೆಳಗಿನದೊಂದನ್ನು ತಿದ್ದಲು ಪುರುಸೊತ್ತಾಗಿರಲಿಲ್ಲ, ಅಷ್ಟೇ.

“ಹಾಗಾದ್ರೆ ನಿಂಗೆ…” ಮೇಷ್ಟ್ರು ಅಳಿಯನತ್ತ ತಿರುಗಿದರು. “ಗೊತ್ತಿತ್ತೇನಪ್ಪಾ?”

“ಮೊದಲನೇ ದಿನಾನೇ ಗೊತ್ತಾಯ್ತು ಮಾವ.”

“ಮತ್ತೆ ಆ ಗಡಿಯಾರ? ಕುರ್ಚಿ?”

ಆತ ತಲೆ ತಗ್ಗಿಸಿದ. ತಪ್ಪು ಸಿಕ್ಕಿಬಿದ್ದವನು ತಾನೇ ಎಂಬಂತಿತ್ತು ಆ ಭಂಗಿ. ಮೇಷ್ಟ್ರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. “ಇಷ್ಟು ದಿನ ನಾನು ನಿನ್ನ…” ಎಂದವರು ಮಾತನ್ನು ಅರ್ಧಕ್ಕೇ ಬಿಟ್ಟರು. ಕೆಲಸವೇನೋ ಅಳಿಯನಿಗೇ ಬಂತು. ದಂತವೈದ್ಯರು ಹಲ್ಲಿನ ಸಾಲನ್ನು ಬಿಗಿ ಮಾಡಿಕೊಟ್ಟರು, ಉಳಿದ ಹಾಡುಗಳೂ ಮುಗಿದವು. ಆದರೆ ಮೇಷ್ಟ್ರು ಮೊದಲಿನ ಹಾಗೆ ಆಗಲಿಲ್ಲ. ಅಳಿಯ ಕೋಣೆಗೆ ಬಂದರೆ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು, ಅದೂ ಎಷ್ಟೋ ಸಲ ಅದೇ ಪುಟ.

ಬೇರೆಯವರ ತಪ್ಪನ್ನು ಹೆಕ್ಕಿ ತೋರಿಸುವುದೇ ಬದುಕಿನ ಕಸುಬಾದವರನ್ನು ಆಮೇಲೆ ನಾನು ಬೇಕಾದಷ್ಟು ಕಂಡಿದ್ದೇನೆ. ಕನ್ನಡಿಯಲ್ಲೂ ಒಬ್ಬನನ್ನು ದಿನಾ ಕಾಣುತ್ತೇನೆ. ಬೈಗುಳಕ್ಕೆ ಇವರು ಜಗ್ಗುವವರಲ್ಲ, ಬೈದರೆ ತಿರುಗಿ ಬೈಯಲು ಇವರಿಗೆ ಚೆನ್ನಾಗಿ ಬರುತ್ತದೆ. ಹತ್ತು ಜನರೆದುರು ತಪ್ಪೊಪ್ಪಿಕೊಳ್ಳುವ ಧೈರ್ಯವನ್ನೂ ಎಲ್ಲಿಂದಲೋ ತಂದುಕೊಂಡಾರು. ಆದರೆ ತಮ್ಮ ತಪ್ಪನ್ನು ಮೊದಲ ದಿನವೇ ಕಂಡುಕೊಂಡು, ಯಾರಿಗೂ ಹೇಳದೆ, ಅದನ್ನು ತಾನೇ ತಿದ್ದುತ್ತ ಬಂದವನೊಬ್ಬ ಅದೇ ಮನೆಯಲ್ಲಿ, ಅದೇ ಊಟದ ಮೇಜಿನ ಎದುರಿಗೆ ಕುಳಿತು, “ಮಾವ, ಇನ್ನೂ ಸ್ವಲ್ಪ ಅನ್ನ ಹಾಕಲಾ?” ಎಂದು ಕೇಳುವಾಗ ಇವರಿಗೆ ತಲೆಯೆತ್ತಲು ಆಗುವುದಿಲ್ಲ.