ಇಳಿಸಿದವರನ್ನು ಎತ್ತುವುದಿಲ್ಲ

ಪಂಜಾಬಿನ ಆ ಹಳ್ಳಿಮನೆಯಲ್ಲಿ ಎಲ್ಲರೂ ಬೀಜಿ ಎಂದು ಕರೆಯುತ್ತಿದ್ದ ಮುದಿತಾಯಿ ಲಾಜವಂತಿಯ ಹಗ್ಗದ ಮಂಚವೆಂದರೆ ಬರೀ ಮಲಗುವುದಕ್ಕಲ್ಲ. ಅದರ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಬೀಗರು ಕೂರುತ್ತಿದ್ದರು, ಹೆರಿಗೆಗಳೂ ಆಗಿದ್ದವು. ತಲೆಯ ಕಡೆ ಹಿರಿಯರು, ಕಾಲ ಕಡೆ ಕಿರಿಯರು. ಕಿರಿಸೊಸೆ ಕಮಲೇಶಳಿಗೆ ಮದುವೆಯಾಗಿ ಇಷ್ಟು ವರ್ಷವಾದರೂ ಕಾಲ ಕಡೆಯ ಅಂಚೇ ಗತಿ. ಸಾವು ಮಾತ್ರ ಆ ಮಂಚದ ಮೇಲೆ ಬರಕೂಡದು. ಉಸಿರು ನಿಲ್ಲುವ ಮುಂಚೆ ನೆಲಕ್ಕೆ ಇಳಿಸಬೇಕು, ಇಲ್ಲದಿದ್ದರೆ ಸತ್ತವರಿಗೆ ಸದ್ಗತಿಯಿಲ್ಲ.

ಕಮಲೇಶಳ ಮಾವನನ್ನು ಹಾಗೇ ಇಳಿಸಿದ್ದರು, ಪುಷ್ಯದ ಚಳಿಯಲ್ಲಿ. ಪುಣ್ಯಾತ್ಮನ ಜೀವ ಕೂಡಲೇ ಹೋಗಲಿಲ್ಲ. ಇಡೀ ಹಗಲು ನಡುಗುತ್ತಾ ಮಂಚ ಕೇಳಿದ. ಇಳಿಸಿದವರನ್ನು ಮತ್ತೆ ಎತ್ತಬಾರದಂತೆ, ಯಾವ ದೇವರು ಹೇಳಿದನೋ! ಯಾರೂ ಎತ್ತಲಿಲ್ಲ. ಅಂದಿನಿಂದ ಲಾಜವಂತಿಗೆ ಸಾವಿಗಿಂತ ನೆಲದ ಭಯ ಹೆಚ್ಚು. ಉಸಿರಿರುವವರೆಗೆ ಇಳಿಸಲು ಬಿಡಬೇಡವೆಂದು ಸೊಸೆಯಿಂದ ಭಾಷೆ ತೆಗೆದುಕೊಂಡಿದ್ದಳು.

ಈ ಬೆಳಿಗ್ಗೆ ಅಂಗಳದಲ್ಲಿ ದಟ್ಟ ಮಂಜು. ಮುದುಕಿಗೆ ಮೇಲುಸಿರು ಶುರುವಾಯಿತು. ಹಿರಿಮಗ ಹರಬನ್ಸ ನೆಲ ಸಾರಿಸಿ ದರ್ಭೆ ಹಾಸಿಸಿದ. ಕಮಲೇಶ ಭಾವನೆದುರು ಹಾಕಿದ್ದ ಮುಸುಕಿನೊಳಗಿಂದಲೇ ಬೇಡವೆಂದಳು.

ಅವನು ಕೂಗಾಡಲಿಲ್ಲ. "ಮಂಚದ ಮೇಲೇ ಹೋದ್ರೆ ಬೀಜಿ ಪ್ರೇತ ಆಗಿ ಅಲೀತಾಳೆ. ಆ ಪಾಪ ನೀನು ಹೊತ್ಕೊತೀಯೇನಮ್ಮಾ?"

ಅವಳ ಗಂಡ, ಹರಬನ್ಸನ ತಮ್ಮ, ಆಗಲೇ ತಾಯಿಯ ಕಾಲು ಹಿಡಿದಿದ್ದ. ಕಮಲೇಶ ದಾರಿ ಬಿಟ್ಟಳು. ಥೂ, ಕೊಟ್ಟ ಭಾಷೆಗೆ ಅಷ್ಟೇ ಬೆಲೆ.

ನೆಲಕ್ಕೆ ಬೆನ್ನು ತಾಗಿದ್ದೇ ತಡ, ಮುದುಕಿ ಕಣ್ಣು ಬಿಟ್ಟಳು. ಪಕ್ಕದಲ್ಲೇ ಇದ್ದ ಮಂಚದ ಕಾಲನ್ನು ಹಿಡಿದುಕೊಂಡು ಸೊಸೆಯನ್ನೇ ನೋಡಿದಳು.

"ಚಳಿ ಕಣೇ," ಅಂದಳು.

ಕಮಲೇಶಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಕಾಲು ಹಿಡಿಯಿರಿ, ಎತ್ತೋಣ ಎಂದು ಗಂಡನನ್ನು ಬೇಡಿದಳು. ಅವನು ಅಣ್ಣನ ಮುಖ ನೋಡಿದ. ಒಬ್ಬಳೇ ಎತ್ತಲು ಹೋದಳು, ಆಗಲಿಲ್ಲ. ಆಮೇಲೆ ಏನು ತೋಚಿತೋ, ಭಾವನೆದುರು ಮುಸುಕು ಜಾರಿದ್ದನ್ನೂ ಲೆಕ್ಕಿಸದೆ ದರ್ಭೆಯ ಪಕ್ಕ ತಾನೇ ಅಂಗಾತ ಮಲಗಿ, ಅತ್ತೆಯನ್ನು ಎಳೆದು ಮೈಮೇಲೆ ಹಾಕಿಕೊಂಡಳು.

ಇದೆಂಥ ಅಪಶಕುನ, ಏಳು ಎಂದ ಹರಬನ್ಸ.

ಕಮಲೇಶ ಜೀವಮಾನದಲ್ಲಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು. "ನೆಲದ ಮೇಲೆ ನಾನಿದೀನಿ, ಭಾಯಿಸಾಬ್. ಬೀಜಿ ನನ್ನ ಮೇಲಿದಾಳೆ."

ಲಾಜವಂತಿಯ ಕೈ ಮಂಚದ ಕಾಲನ್ನು ಬಿಟ್ಟು ಸೊಸೆಯ ಭುಜ ಹಿಡಿಯಿತು. ಗಂಡ ಮಂಚದ ಮೇಲಿದ್ದ ರಜಾಯಿಯನ್ನು ಎಳೆದು ತಂದು ಇಬ್ಬರಿಗೂ ಹೊದಿಸಿದ. ಈ ಸಲ ಅಣ್ಣನ ಕಡೆ ನೋಡಲಿಲ್ಲ.