ಚಿಕ್ಕಮಾರಯ್ಯನ ಪರ್ಮಿಟ್ ಸಿಮೆಂಟು

ನರಸಿಂಹಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಗುಬ್ಬಿ ಹತ್ತಿರದ ಹಳ್ಳಿಯಲ್ಲಿ ಅವಳ ಗಂಡನ ಮುತ್ತಾತ ಕಟ್ಟಿಸಿದ ಮನೆ ಅದು. ಕಲ್ಲಿನ ತಳಪಾಯ, ಮೊಳದಗಲದ ಮಣ್ಣಿನ ಗೋಡೆ. ಈಗ ಕೋಣೆಯ ಗೋಡೆಯಿಂದ ದಿನಬೆಳಗಾದರೆ ಸಿಮೆಂಟಿನ ಹೆಕ್ಕಳೆ ಉದುರುತ್ತಿತ್ತು. ಗುಡಿಸಿದಷ್ಟೂ ಉದುರುತ್ತಿತ್ತು. ಮಗಳು ಮಂಜುಳ ಬಾಣಂತನಕ್ಕೆ ಬರಲು ಇನ್ನು ಎರಡೇ ತಿಂಗಳು. ಹಸುಗೂಸನ್ನು ಮಲಗಿಸಬೇಕಾದ ಕೋಣೆಯೇ ಅದು.

ಗಂಡ ಚಿಕ್ಕಮಾರಯ್ಯನ ತಲೆಗೆ ಇದು ಹೋಗಬೇಕಲ್ಲ! ಸರ್ಕಾರದ ಚೀಟಿ ಇಲ್ಲದೆ ಸಿಮೆಂಟು ಸಿಗದ ಕಾಲ ಅದು. ಹೋದ ವರ್ಷ ತಾಲ್ಲೂಕು ಆಫೀಸಿಗೆ ಅಲೆದೂ ಅಲೆದೂ ಸಿಮೆಂಟಿಗೆ ಪರ್ಮಿಟ್ ತಂದ. ಆ ಚೀಟಿಯನ್ನು ಊರಿಗೆಲ್ಲ ತೋರಿಸಿದ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಿದ. ಮಳೆಗಾಲ ಮುಗಿಯುವಷ್ಟರಲ್ಲಿ ಬುಡ ಉಬ್ಬಿತು. ಅದರ ಮೇಲೇ ಇನ್ನೊಂದು ಸಲ ಬಳಿಸಿದ. ಅದೂ ಉಬ್ಬಿತು. ಈಗ ಮತ್ತೆ ಮೂಟೆ ತಂದು ಜಗಲಿ ಮೇಲೆ ಇಳಿಸಿದ್ದಾನೆ.

“ಈ ಸಲ ದಪ್ಪಕ್ಕೆ ಬಳಿಸ್ತೀನಿ ಕಣೇ. ಆಮೇಲೆ ನೋಡು.”

“ನೋಡಿ ನೋಡಿ ಕಣ್ಣು ಸೋತೋಯ್ತು. ಬೆಟ್ಟಯ್ಯಣ್ಣನ್ನ ಒಂದ್ ಮಾತು ಕೇಳಿ ಅಂತ ಎಷ್ಟ್ ಸಲ ಬಡ್ಕೊಳ್ಳಿ?”

“ಅವ್ನು ಮಣ್ಣು ಕಲ್ಸೋನು. ಸಿಮೆಂಟ್ ವಿಷ್ಯ ಅವ್ನಿಗೇನ್ ಗೊತ್ತು?”

ನರಸಿಂಹಮ್ಮ ಸೆರಗು ಸಿಕ್ಕಿಸಿ ಹೊರಟಳು. ಸುತ್ತಮುತ್ತಲ ಊರುಗಳಲ್ಲಿ ಮಣ್ಣಿನ ಗೋಡೆ ಹಾಕಿ ಹೆಸರಾದ ಬೆಟ್ಟಯ್ಯನನ್ನು ಸೀದಾ ಹೋಗಿ ಕರೆದುಕೊಂಡೇ ಬಂದಳು.

ಬೆಟ್ಟಯ್ಯ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದ. ಟೊಳ್ಳು ಸದ್ದು ಬಂತು.

“ಮಾರಯ್ಯ, ಮಳೆ ಬಂದು ಎಷ್ಟು ದಿನ ಆಯ್ತು?”

“ಮೂರು ತಿಂಗ್ಳಾಯ್ತು. ಯಾಕೆ?”

ಬೆಟ್ಟಯ್ಯ ಹಾರೆ ಇಟ್ಟು ಮೀಟಿದ. ಸಿಮೆಂಟು ಹಲಗೆಯಂತೆ ಕಳಚಿ ಬಿತ್ತು. ಹಿಂದಿನ ಮಣ್ಣನ್ನು ಬೊಗಸೆಯಲ್ಲಿ ತೆಗೆದು ಚಿಕ್ಕಮಾರಯ್ಯನ ಅಂಗೈಗೆ ಹಾಕಿದ. “ಹಿಸುಕು.”

ಹಿಸುಕಿದರೆ ರಾಗಿಮುದ್ದೆಯಂತೆ ಉಂಡೆಯಾಯಿತು. ಚಿಕ್ಕಮಾರಯ್ಯ ಪೆಚ್ಚಾದ.

“ನೆಲದ ಪಸೆ ಗೋಡೆಗೆ ಹತ್ತೇ ಹತ್ತುತ್ತೆ. ಮಣ್ಣು ಬಳಿದಿದ್ರೆ ಹೊರಕ್ಕೆ ಹೋಗಿ ಒಣಗ್ತಿತ್ತು. ನೀನು ದಾರಿ ಮುಚ್ಚಿದ್ದೀಯ. ಗೋಡೆ ಒಳಗೊಳಗೇ ಕರಗ್ತಾ ಐತೆ. ಇನ್ನೂ ದಪ್ಪಕ್ಕೆ ಬಳಿದ್ರೆ ಕುಸಿದು ಕೂತ್ಕೊಳ್ಳುತ್ತೆ.”

“ಬೆಟ್ಟಣ್ಣ, ಮತ್ತೆ ಮಣ್ಣು ಬಳಿದ್ರೆ ಬೀಗರು ನಗಲ್ವಾ?”

ನರಸಿಂಹಮ್ಮನ ಪಿತ್ತ ನೆತ್ತಿಗೇರಿತು. “ನಗಲಿ ಬುಡಿ! ಮಗೀನ್ ಮೇಲೆ ಗೋಡೆ ಬಿದ್ರೆ ಏನ್ ಮಾಡ್ತೀರಾ? ಪರ್ಮಿಟ್ ತೋರಿಸ್ತೀರಾ?”

ಚಿಕ್ಕಮಾರಯ್ಯ ತಾನೇ ಹಾರೆ ಕೈಗೆ ತೆಗೆದುಕೊಂಡ.

ಮೊದಲು ತೊಲೆಗಳಿಗೆ ಮರದ ಆಸರೆ ಕೊಟ್ಟರು. ತಳಪಾಯದ ಕಲ್ಲು ಕಾಣುವವರೆಗೂ ಸಿಮೆಂಟು ಕಿತ್ತರು. ಗೋಡೆಯನ್ನು ತಿಂಗಳು ಒಣಗಲು ಬಿಟ್ಟರು. ಕರಗಿದ ಕಡೆ ಹಳೆಯ ಗೋಡೆಯಂಥದೇ ಮಣ್ಣಿಗೆ ರಾಗಿಹುಲ್ಲು ಹಾಕಿ ತುಳಿದು ತುಂಬಿದರು. ಮೇಲೆ ಮಣ್ಣು ಬಳಿದು ಸುಣ್ಣ ಹೊಡೆದರು. ಬಚ್ಚಲ ನೀರು ಗೋಡೆಯ ಬುಡಕ್ಕೇ ಹರಿಯುತ್ತಿದ್ದುದನ್ನು ಬೆಟ್ಟಯ್ಯ ತೋರಿಸಿದ. “ನಿನ್ನ ಸಿಮೆಂಟಿಗೆ ಜಾಗ ಇದು ಕಣಪ್ಪಾ” ಎಂದ. ಜಗಲಿ ಮೇಲಿದ್ದ ಆ ಸಿಮೆಂಟಿನಲ್ಲೇ ನೀರು ದೂರ ಹೋಗಲು ಮೋರಿ ಕಟ್ಟಿದರು.

ಮಂಜುಳ ಬಂದಳು. ಹೆಣ್ಣು ಮಗುವಾಯಿತು. ಮಗು ನೋಡಲು ಬಂದ ಬೀಗರು ಕೋಣೆ ತಣ್ಣಗಿದೆ ಎಂದಿದ್ದೇ ತಡ, ಚಿಕ್ಕಮಾರಯ್ಯ ಎದ್ದು ನಿಂತ. “ಮಣ್ಣಿನ ಗೋಡೆಗೆ ಮಣ್ಣೇ ಸರಿ ಕಣ್ರೀ. ನಾನ್ ಮೊದ್ಲೇ ಹೇಳಿದ್ದೆ!”

ನರಸಿಂಹಮ್ಮ ಹಣೆ ಚಚ್ಚಿಕೊಂಡಳು. ಆದರೂ ಮೊಮ್ಮಗಳು ಗೋಡೆಯ ಪಕ್ಕ ಹಾಯಾಗಿ ಮಲಗಿದ್ದಳು. ಅಷ್ಟು ಸಾಕಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಇಂದೇ ನಿಮ್ಮ ಹಳೆಯ ಮಣ್ಣಿನ ಗೋಡೆಯನ್ನು ಒಮ್ಮೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಮತ್ತೆ ಸಿಮೆಂಟಿಗೆ ಓಡಬೇಡಿ. ಗೋಡೆ ಉಬ್ಬಿದ್ದರೆ, ವಾಲಿದ್ದರೆ ಅದರ ಪಕ್ಕ ಯಾರನ್ನೂ ಮಲಗಿಸಬೇಡಿ. ಬುಡದ ನೀರು ತಪ್ಪಿಸಿ. ನಿಮ್ಮೂರಿನಲ್ಲೂ ಒಬ್ಬ ಬೆಟ್ಟಯ್ಯ ಇದ್ದೇ ಇರುತ್ತಾನೆ. ಅವನಿಗೆ ಕೈಲಾಗುವಾಗಲೇ ಕರೆಯಿರಿ. ಕೆಲಸ ಮುಗಿದ ಮೇಲೆ ಜಂಬ ಬೇಕಾದರೆ ನೀವೇ ಕೊಚ್ಚಿಕೊಳ್ಳಿ.